ರೊಟ್ಟಿ ಅಕ್ಕನ ಕೈಗಳು ಮತ್ತು ನಿಕೋಟಿನಿಕ್ ಆಸಿಡ್

ರೊಟ್ಟಿ ಅಕ್ಕ ದವಾಖಾನೆಗೆ ಬಂದಾಗ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಶಹಾಬಾದಿನಿಂದ ಚಿತ್ತಾಪುರದ ಕಡೆಗೆ ಹೋಗುವ ದಾರಿಯಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳ ನಡುವೆ ಇದ್ದ ಸಣ್ಣ ದವಾಖಾನೆ ನಮ್ಮದು. ರಾಜ್ಯಕ್ಕೆ ಆಗ ಇನ್ನೂ ಮೈಸೂರು ಎಂದೇ ಹೆಸರು. ನಾನು ಅಲ್ಲಿ ಕಂಪೌಂಡರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಮಿಕ್ಸ್ಚರ್ ಕಲಸುವುದು, ಗುಳಿಗೆ ಎಣಿಸಿ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸೂಜಿ ಹಾಕುವುದು ನನ್ನ ಕೆಲಸ.

ಆಕೆಯನ್ನು ಆ ಸುತ್ತಿನಲ್ಲಿ ಅರಿಯದವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಣಿಯ ಆಳುಗಳಿಗೆ ಮಾರಿ ತಾನೂ ಅತ್ತೆಯೂ ಬದುಕುತ್ತಿದ್ದರು. ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತು ಆಕೆ ಖಣಿಯ ಅಂಚಿಗೆ ಬಂದರೆ ಸುತ್ತಿಗೆಯ ಸಪ್ಪಳ ನಿಲ್ಲುತ್ತಿತ್ತು. ಅಂಥ ಹೆಣ್ಣುಮಗಳು ಈಗ ಬೆಂಚಿನ ತುದಿಯಲ್ಲಿ, ಉಳಿದವರಿಂದ ಮಾರು ದೂರ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಜೊತೆಗೆ ಬಂದ ಅತ್ತೆ, ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ, ನನ್ನ ಮುಂದೆ ಬಂದು ನಿಂತಳು.

"ತಮ್ಮಾ, ನಮ್ಮ ಸೊಸಿಗಿ ದೊಡ್ಡ ರೋಗ ಬಂದದಂತ ಮುಕಾದಮ ಅಂದಾನ. ನಾಕು ದಿನ ಆತು, ಅಕೀ ರೊಟ್ಟಿ ಯಾರೂ ಮುಟ್ಟವಲ್ಲರು. ಡಾಕ್ಟರ್ ಸಾಬ್ರು ಚೀಟಿ ಬರಕೊಟ್ರ ಮಾತ್ರ ಖಣಿಗಿ ಬಾ ಅಂದಾನ."

ದೊಡ್ಡ ರೋಗ ಅಂದರೆ ಕುಷ್ಠ. ಮುಕಾದಮ ಅಂದರೆ ಖಣಿಯ ಆಳುಗಳ ಮೇಲಿನ ಯಜಮಾನ. ಆತ ನನಗೂ ಚೆನ್ನಾಗಿ ಪರಿಚಯ. ಪ್ರತಿ ಸೋಮವಾರ ತೋಳು ಮಡಚಿಕೊಂಡು ಬಂದು "ಕಂಪೌಂಡರ ಸಾಬ್, ಒಂದು ಹಳದಿ ಸೂಜಿ ಹಾಕ್ರಿ, ಮೈಯಾಗ ತಾಕತ್ತಿಲ್ಲ" ಅನ್ನುತ್ತಿದ್ದ. ಹಳದಿ ಸೂಜಿ ಅಂದರೆ ಬಿ ಕಾಂಪ್ಲೆಕ್ಸ್. ನಾನು ಹಾಕುತ್ತಿದ್ದೆ. ಆತನಿಗಷ್ಟೇ ಅಲ್ಲ, ಸುಸ್ತು ಅಂದವರಿಗೆ, ನಿದ್ದೆ ಇಲ್ಲ ಅಂದವರಿಗೆ, ಮಗ ಪರೀಕ್ಷೆಗೆ ಕೂಡುತ್ತಾನೆ ಅಂದವರಿಗೆ, ಎಲ್ಲರಿಗೂ. ಆ ಬಣ್ಣ ನೋಡಿದರೇ ಅರ್ಧ ಸುಸ್ತು ಹೋಗುತ್ತಿತ್ತು. ನನ್ನ ಕೈಗುಣ ಭಾಳ ಚಲೋ ಎಂದು ಹೆಸರಾಗಿತ್ತು, ಆ ಹೆಸರು ನನಗೆ ಇಷ್ಟವಾಗಿತ್ತು. ನಮ್ಮ ಡಾಕ್ಟರ್ ಸಾಹೇಬರು ಒಂದೆರಡು ಸಲ "ತಮ್ಮಾ, ಯಾಕ ಹಾಕ್ಲಿಕತ್ತಿ?" ಎಂದು ಕೇಳಿದ್ದರು. "ಕೇಳ್ತಾರ್ರಿ ಸಾಹೇಬರ" ಅಂದಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನ ರೋಗಿಯನ್ನು ಕರೆದಿದ್ದರು.

ಸಾಹೇಬರು ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಓದಿದವರು. ನಿವೃತ್ತಿಗೆ ಹತ್ತಿರವಾಗಿದ್ದರು. ಯಾವುದನ್ನೂ ಅವಸರ ಮಾಡುತ್ತಿರಲಿಲ್ಲ. ರೊಟ್ಟಿ ಅಕ್ಕನನ್ನು ಬೆಳಕಿಗೆ, ಕಿಟಕಿಯ ಪಕ್ಕ ಕೂಡಿಸಿದರು.

"ಕೈ ತೋರ್ಸು ತಂಗಿ. ಹೆದರಬ್ಯಾಡ."

ಸೆರಗು ಬಿಚ್ಚಿದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಬೆರಳಿನಿಂದ ಮೊಣಕೈ ಕೆಳಗಿನವರೆಗೆ ಚರ್ಮ ಕಪ್ಪಾಗಿ, ಒರಟಾಗಿ, ಅಲ್ಲಲ್ಲಿ ಬಿರಿದು ಪೊರೆ ಏಳುತ್ತಿತ್ತು. ಕೈಗವಸು ತೊಟ್ಟ ಹಾಗೆ ಒಂದು ಗೆರೆಗೆ ಬಂದು ನಿಂತಿತ್ತು. ಗೆರೆಯ ಮೇಲೆ, ಕುಪ್ಪಸದ ತೋಳಿನ ಅಡಿಯಲ್ಲಿ, ಚರ್ಮ ಎಂದಿನಂತೆ ನಯವಾಗಿತ್ತು. ಪಾದಗಳ ಮೇಲೂ ಹಾಗೆಯೇ. ಕುತ್ತಿಗೆಯ ಸುತ್ತ ಸರ ಹಾಕಿದಂತೆ ಒಂದು ಕಪ್ಪು ಪಟ್ಟಿ.

ಸಾಹೇಬರು ಮೊದಲು ಹತ್ತಿಯ ಎಳೆಯನ್ನು ನುಲಿದು ಬತ್ತಿ ಮಾಡಿದರು. ಆಕೆಗೆ ಕಣ್ಣು ಮುಚ್ಚಲು ಹೇಳಿ, ಕಪ್ಪಾದ ಜಾಗದಲ್ಲಿ ಮೆಲ್ಲಗೆ ತಾಗಿಸಿ "ಎಲ್ಲಿ ಮುಟ್ಟೀನಿ, ಬೊಟ್ಟಿಟ್ಟು ತೋರ್ಸು" ಅಂದರು. ಆಕೆ ತಪ್ಪದೆ ತೋರಿಸಿದಳು. ಗುಂಡುಪಿನ್ನಿನ ಚೂಪು ಕಡೆ, ಬೋಳು ಕಡೆ ತಾಗಿಸಿದರು. ಎರಡನ್ನೂ ಬೇರೆ ಮಾಡಿ ಹೇಳಿದಳು. ನನ್ನಿಂದ ಎರಡು ಪರೀಕ್ಷಾ ನಳಿಕೆ ತರಿಸಿ, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ಗಡಿಗೆಯ ತಣ್ಣೀರು ಹಾಕಿಸಿ ಮುಟ್ಟಿಸಿದರು. ಅದೂ ಸರಿಯಾಯಿತು. ಮೊಣಕೈ ಹಿಂದಿನ ನರವನ್ನು, ಕಿವಿಯ ಕೆಳಗಿನ ನರವನ್ನು ಬೆರಳಿನಿಂದ ಒತ್ತಿ ನೋಡಿದರು. ಕುಷ್ಠವಾಗಿದ್ದರೆ ಅವು ದಪ್ಪಗಾಗಿರಬೇಕಿತ್ತು, ಆಗಿರಲಿಲ್ಲ.

"ಸ್ಪರ್ಶ ಪೂರಾ ಅದ. ದೊಡ್ಡ ರೋಗ ಅಲ್ಲ ಇದು" ಅಂದರು. ಮುದುಕಿ ಎರಡೂ ಕೈ ಎತ್ತಿ ಮುಗಿದಳು. ರೊಟ್ಟಿ ಅಕ್ಕ ನಂಬಲಿಲ್ಲ. ಅವರ ಮುಖವನ್ನೇ ನೋಡುತ್ತ ಕುಳಿತಳು.

"ನಾಲಗಿ ತಗಿ."

ನಾಲಗೆ ಸುಲಿದಂತೆ ಕೆಂಪಗಿತ್ತು. ಖಾರ ಮುಟ್ಟಿದರೆ ಉರಿಯುತ್ತದೆ, ಇಪ್ಪತ್ತು ದಿನದಿಂದ ಭೇದಿಯಾಗುತ್ತಿದೆ, ನಿದ್ದೆ ಇಲ್ಲ ಎಂದಳು. ಮುದುಕಿ ನಡುವೆ ಬಾಯಿ ಹಾಕಿ, "ಮರವು ಭಾಳ ಆಗ್ಯದ್ರಿ. ಹಂಚಿನ ಮ್ಯಾಲ ರೊಟ್ಟಿ ಹಾಕಿ ಮರೀತಾಳ. ಸುಮ್ಮಸುಮ್ಮನ ಅಳ್ತಾಳ" ಅಂದಳು.

ಆಮೇಲೆ ಸಾಹೇಬರು ಊಟದ ವಿಚಾರಕ್ಕೆ ಬಂದರು. ನಾನು ಬೇಸರದಿಂದ ಹೊರಗಿನ ಸಾಲು ನೋಡುತ್ತಿದ್ದೆ. ಅವರಿಗೆ ಅದರ ಪರಿವೆ ಇರಲಿಲ್ಲ. ಮುಂಜಾನೆ ಏನು, ಮಧ್ಯಾಹ್ನ ಏನು, ನಿನ್ನೆ ಏನು, ಮೊನ್ನೆ ಏನು? ಆಕೆ ತಿನ್ನುತ್ತಿದ್ದುದು ಮಾರಿ ಉಳಿದ ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ. ಅಷ್ಟೇ, ತಿಂಗಳುಗಟ್ಟಲೆ. ಕುದಿಸಿದ ಒಂದು ಹಿಡಿ ತೊಗರಿಬೇಳೆ, ಪಕ್ಕದ ಮನೆಯ ಎಮ್ಮೆಯ ಒಂದು ಲೋಟ ಹಾಲು ಅತ್ತೆಗೆ, ಯಾಕೆಂದರೆ ಹಲ್ಲಿಲ್ಲದ ಆಕೆ ರೊಟ್ಟಿಯನ್ನು ಅದರಲ್ಲಿ ನೆನೆಸಿಯೇ ತಿನ್ನಬೇಕು.

ಸಾಹೇಬರು ಮುದುಕಿಯ ಕಡೆ ತಿರುಗಿದರು. "ಆಯಿ, ನಿಮ್ಮ ಕೈ ತೋರಸ್ರಿ."

ಮುದುಕಿಯ ಕೈ ಸುಕ್ಕಾಗಿತ್ತು, ಆದರೆ ಒಂದು ಕಲೆ ಇರಲಿಲ್ಲ. ನಾಲಗೆಯೂ ಸ್ವಚ್ಛ.

"ನೋಡು ತಮ್ಮಾ" ಎಂದು ಸಾಹೇಬರು ನನಗೆ ಹೇಳಿದರು. "ಒಂದೇ ಮನಿ, ಒಂದೇ ಜೋಳ, ಅದೇ ಬಿಸಿಲು. ಒಬ್ಬಾಕಿಗಿ ಅದ, ಒಬ್ಬಾಕಿಗಿ ಇಲ್ಲ. ನಡುವಿನ ಫರಕು ಒಂದು ಲೋಟ ಹಾಲು, ಒಂದು ಹಿಡಿ ಬ್ಯಾಳಿ. ಇದು ಪೆಲಾಗ್ರ."

ಪುಸ್ತಕದಲ್ಲಿ ಓದಿದ್ದ ಹೆಸರು. ನಮ್ಮೂರಿನ ರೊಟ್ಟಿ ಬುಟ್ಟಿಯ ಜೊತೆ ಅದನ್ನು ಜೋಡಿಸಿ ನಾನು ಯೋಚಿಸಿರಲೇ ಇಲ್ಲ. ಅಂದು ಸಾಲು ಕರಗಿದ ಮೇಲೆ ಸಾಹೇಬರು ಚಹಾ ಕುಡಿಯುತ್ತ ವಿವರಿಸಿದರು. ಬಿ ಅನ್ನುವುದು ಒಂದು ವಿಟಮಿನ್ ಅಲ್ಲ, ಒಂದು ಮನೆತನ. ಬಿ ಒಂದರ ಕೆಲಸ ಬೇರೆ, ಅದು ತಪ್ಪಿದರೆ ಬರೀ ಪಾಲಿಶ್ ಅಕ್ಕಿ ತಿನ್ನುವ ಸೀಮೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಹಾಲು, ಸೊಪ್ಪಿನ ಬಿ ಎರಡು ತಪ್ಪಿದರೆ ತುಟಿಯ ಮೂಲೆ ಬಿರಿಯುತ್ತದೆ. ಬಿ ಹನ್ನೆರಡು, ಫೋಲಿಕ್ ಆಸಿಡ್ ರಕ್ತಕ್ಕೆ. ಈಕೆಗೆ ತಪ್ಪಿದ್ದು ನಿಯಾಸಿನ್, ಅಂದರೆ ಬಿ ಮೂರು. ಜೋಳದಲ್ಲಿ ಅದು ಇಲ್ಲವೆಂದಲ್ಲ. ಆದರೆ ಬರೀ ಜೋಳವನ್ನೇ ತಿಂದರೆ ದೇಹಕ್ಕೆ ಸಾಲುವುದಿಲ್ಲ. ಬಿಸಿಲು ಏರಿದಾಗ, ಬಿಸಿಲು ತಾಗುವ ಕಡೆಯೇ ಚರ್ಮ ಸುಟ್ಟಂತಾಗುತ್ತದೆ.

"ನಾನು ಎರಡು ದಿನ ಗುಲಬರ್ಗಾಕ್ಕ ಮೀಟಿಂಗಿಗಿ ಹೋಗ್ತೀನಿ" ಅಂದರು. "ನಿಕೋಟಿನಮೈಡ್ ಅಂತ ಇದೇ ನಿಯಾಸಿನ್ ಗುಳಗಿ ಇರ್ತದ, ದಿನಕ್ಕ ಮೂರು ಸಲ ಕೊಡು. ಜೋಡಿ ಬಿ ಕಾಂಪ್ಲೆಕ್ಸ್. ವಾರದಾಗ ಆಕಿ ಮಾರಿ ನೋಡು."

ಮರುದಿನ ಬೆಳಿಗ್ಗೆ ಗುಳಿಗೆಗೆಂದು ಬಂದ ರೊಟ್ಟಿ ಅಕ್ಕನನ್ನು ಕೂಡಿಸಿ ಕಪಾಟು ತೆಗೆದೆ. ನಿಕೋಟಿನಮೈಡ್ ಇರಲಿಲ್ಲ. ಬಿ ಕಾಂಪ್ಲೆಕ್ಸ್ ಗುಳಿಗೆಯ ಡಬ್ಬಿಯಲ್ಲಿ ತಳದ ಪುಡಿ ಮಾತ್ರ. ಹಳದಿ ಸೂಜಿಯ ಪೆಟ್ಟಿಗೆ ಖಾಲಿ. ಮೂರು ತಿಂಗಳಿಗೆಂದು ಬಂದದ್ದನ್ನು ನಾನು ಒಂದೂವರೆ ತಿಂಗಳಲ್ಲಿ ಊರಿನ ಗಟ್ಟಿಮುಟ್ಟಾದ ತೋಳುಗಳಿಗೆ ಚುಚ್ಚಿ ಮುಗಿಸಿದ್ದೆ. ಇಡೀ ಖಣಿ ಸೀಮೆಯಲ್ಲಿ ನಿಜವಾಗಿ ಬೇಕಾಗಿದ್ದ ಒಬ್ಬ ಹೆಣ್ಣುಮಗಳು ಬೆಂಚಿನ ತುದಿಯಲ್ಲಿ ಕೈ ಮುಚ್ಚಿಕೊಂಡು ಕುಳಿತಿದ್ದಳು.

ಕಪಾಟಿನ ಹಿಂದಿನ ಸಾಲಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮೇಲೆ ನಿಕೋಟಿನಿಕ್ ಆಸಿಡ್ ಎಂದು ಬರೆದಿತ್ತು. ಅವಧಿ ಇನ್ನೂ ಇತ್ತು. ಹೆಸರು ಹತ್ತಿರದ್ದೇ, ಎರಡೂ ಒಂದೇ ಇರಬೇಕು ಅಂದುಕೊಂಡೆ. ಜೀವ ಹಗುರಾಯಿತು. ಬೇಗ ಗುಣವಾಗಲಿ ಎಂದು ಒಂದರ ಬದಲು ಎರಡು ಗುಳಿಗೆ ಕೊಟ್ಟು, ನನ್ನೆದುರಿಗೇ ನೀರು ಕುಡಿಸಿ ಕಳಿಸಿದೆ. ಆಕೆ ಇನ್ನೂ ಏನೂ ತಿಂದಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅರ್ಧ ತಾಸಿಗೆ ಮುದುಕಿ ಓಡಿಬಂದಳು. ಓಡುವ ವಯಸ್ಸಲ್ಲ ಆಕೆಯದು.

"ಏನು ಕೊಟ್ಟೆಪಾ ನನ್ನ ಸೊಸಿಗಿ? ಮೈಯೆಲ್ಲಾ ಬೆಂಕಿ ಆಗ್ಯದ. ಮಾರಿ ಕೆಂಪ ಹೆಂಚಾಗ್ಯದ. ವಿಷ ಹಾಕಿದ್ಯಾ?"

ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಓಡಿದೆ. ರೊಟ್ಟಿ ಅಕ್ಕ ಅಂಗಳದಲ್ಲಿ ಕುಳಿತು ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು. ಮುಖ, ಕಿವಿ, ಎದೆಯ ಮೇಲ್ಭಾಗ ಕಡುಕೆಂಪು. ನೋಡಲು ಬಂದವರು ಸುತ್ತ ನಿಂತಿದ್ದರು. ನಾಡಿ ಹಿಡಿದೆ, ಜೋರಾಗಿ ಬಡಿಯುತ್ತಿತ್ತು, ತಪ್ಪುತ್ತಿರಲಿಲ್ಲ. ಒಂದು ತಾಸಿನೊಳಗೆ ಎಲ್ಲ ತಣ್ಣಗಾಯಿತು. ಆದರೆ ಆಕೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ ಹೇಳಿದಳು. "ನಂಗ ನಿಮ್ಮ ಗುಳಗಿ ಬ್ಯಾಡ ತಮ್ಮಾ. ಹಣೇದಾಗಿದ್ದದ್ದು ಆಗ್ತದ."

ಆ ಎರಡು ದಿನ ನನಗೆ ಊಟ ಸೇರಲಿಲ್ಲ. ದವಾಖಾನೆಗೂ ಜನ ಕಡಿಮೆ. ಕಂಪೌಂಡರನ ಕೈಗುಣದ ಬಗ್ಗೆ ಹೊಸ ಮಾತು ಹುಟ್ಟಿತ್ತು. ಸಾಹೇಬರು ಬಂದ ಕೂಡಲೆ ಎಲ್ಲವನ್ನೂ ಒಪ್ಪಿಸಿದೆ. ಖಾಲಿ ಪೆಟ್ಟಿಗೆಗಳನ್ನೂ ತೋರಿಸಿದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಡಬ್ಬಿ ಎತ್ತಿ ಬೆಳಕಿಗೆ ಹಿಡಿದು ಓದಿದರು.

"ಇವು ಅಣ್ಣ ತಮ್ಮ. ಕೆಲಸ ಎರಡೂ ಒಂದೇ ಮಾಡ್ತಾವ, ಆದ್ರ ಸ್ವಭಾವ ಬ್ಯಾರೆ. ಆಮೈಡ್ ತಣ್ಣಗಿರ್ತದ. ಆಸಿಡ್ ಇದ್ದಾನಲ್ಲ, ಇವ ರಕ್ತನಾಳ ಹಿಗ್ಗಸ್ತಾನ, ಅದಕ್ಕ ಮೈ ಕೆಂಪಾಗ್ತದ. ಖಾಲಿ ಹೊಟ್ಟ್ಯಾಗ ಕೊಟ್ರಂತೂ ಮುಗೀತು. ಊಟ ಆದ ಮ್ಯಾಲ, ಒಂದೊಂದೇ ಕೊಟ್ರ ಇಷ್ಟು ತ್ರಾಸು ಇಲ್ಲ. ನೀ ಕೊಟ್ಟ ಔಷಧ ಖರೆನೇ ಅದ ತಮ್ಮಾ. ಕೊಟ್ಟ ರೀತಿ ತಪ್ಪು."

"ಗುಲಬರ್ಗಾದಿಂದ ಆಮೈಡ್ ತರಸೋಣೇನ್ರಿ?"

"ಮೀಟಿಂಗಿನಾಗ ಔಷಧದ ಹೊಸ ಸ್ಟಾಕಿಂದು ಕೇಳಿ ಬಂದೀನಿ. ತಡ ಆಗ್ತದ. ಬಂದ್ರೂ ಆಕಿ ತಗೋಬೇಕಲ್ಲ? ಈಗ ಆಕಿಗಿ ನಮ್ಮ ನೀರಿನ ಮ್ಯಾಲೂ ಭರೋಸ ಇಲ್ಲ."

ಅಂದು ಮಧ್ಯಾಹ್ನವೆಲ್ಲ ಡಬ್ಬಿ ಮೇಜಿನ ಮೇಲೆಯೇ ಇತ್ತು. ನಾನು ಅದನ್ನೇ ನೋಡುತ್ತ ಮಿಕ್ಸ್ಚರ್ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಸಂಜೆ ಬಾಗಿಲು ಹಾಕುವಾಗ ಸಾಹೇಬರಿಗೆ ಹೇಳಿದೆ: "ನಾಳೆ ಸಂತಿ ಅದ, ಖಣಿ ಸೂಟಿ. ನಾನು ಆಕಿ ಅಂಗಳದಾಗ, ಎಲ್ಲಾರ ಎದುರಿಗಿ, ಆಕಿಗಿ ಕೊಟ್ಟಷ್ಟೇ ಖಾಲಿ ಹೊಟ್ಟ್ಯಾಗ ತಗೋತೀನ್ರಿ. ಏನಾಗ್ತದ ಮಂದಿ ನೋಡ್ಲಿ."

ಸಾಹೇಬರು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದರು. ನನ್ನ ನಾಡಿ ಹಿಡಿದರು, ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರು, ಹೊಟ್ಟೆಯ ಹುಣ್ಣು, ಕಾಮಾಲೆ ಯಾವಾಗಲಾದರೂ ಆಗಿತ್ತೇ ಎಂದು ವಿಚಾರಿಸಿದರು. "ಚಲೋ. ನಾನೂ ಬರ್ತೀನಿ" ಅಂದರು.

ಮರುದಿನ ಬೆಳಿಗ್ಗೆ ರೊಟ್ಟಿ ಅಕ್ಕನ ಅಂಗಳದಲ್ಲಿ ಒಂದು ಫರ್ಸಿಯ ಮೇಲೆ ಕುಳಿತೆ. ಸಾಹೇಬರಿಗೆ ಮುದುಕಿ ಮಣೆ ಹಾಕಿದಳು, ನನಗೆ ಹಾಕಲಿಲ್ಲ. ಸಂತೆಗೆ ಹೊರಟಿದ್ದ ಆಳುಗಳು ನಿಂತರು. ಮುಕಾದಮನೂ ಬಂದು ಕೈ ಕಟ್ಟಿ ನಿಂತ. ಬಾಗಿಲ ಸಂದಿಯಲ್ಲಿ ರೊಟ್ಟಿ ಅಕ್ಕನ ಅರ್ಧ ಮುಖ ಕಾಣುತ್ತಿತ್ತು.

"ಅಕ್ಕಾ, ಅವತ್ತಿನ ಡಬ್ಬೀನೇ ಇದು. ಅವತ್ತ ನಿಂಗ ಎಷ್ಟು ಕೊಟ್ಟಿದ್ದೆನೋ ಅಷ್ಟೇ ನುಂಗ್ತೀನಿ. ನಂದು ಇನ್ನೂ ಚಹಾನೂ ಆಗಿಲ್ಲ."

ಎರಡು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದೆ. ಸಾಹೇಬರು ಕಿಸೆಯಿಂದ ಗಡಿಯಾರ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಹತ್ತು ನಿಮಿಷ ಏನೂ ಇಲ್ಲ. ಜನ ಚಡಪಡಿಸಿದರು. ಆಮೇಲೆ ಕಿವಿಯ ತುದಿಯಲ್ಲಿ ಸಣ್ಣಗೆ ಚುರುಚುರು ಶುರುವಾಯಿತು. ಅಲ್ಲಿಂದ ಕೆನ್ನೆಗೆ ಇಳಿಯಿತು, ಕುತ್ತಿಗೆಗೆ ಹರಡಿತು. ಯಾರೋ ಬಿಸಿ ಹಂಚನ್ನು ಮುಖದ ಹತ್ತಿರ ಹಿಡಿದಂತೆ. ಅಂಗಿಯೊಳಗೆ ತುರಿಕೆ, ಎಲ್ಲಿ ಕೆರೆದುಕೊಳ್ಳಬೇಕೆಂದು ತಿಳಿಯದು. ನಾನು ಗಂಭೀರವಾಗಿ ಕೂಡಬೇಕೆಂದು ಹಲ್ಲು ಕಚ್ಚಿದ್ದೆ. ಆದರೆ ಕೂತಲ್ಲೇ ಹೊರಳಾಡುತ್ತಿದ್ದೆ.

ಮೊದಲು ನಕ್ಕದ್ದು ಮುದುಕಿ. "ಅಯ್ಯ, ಬ್ಯಾಡಗಿ ಮೆಣಸಿನಕಾಯಿ ಆದ್ಯಲ್ಲೋ ತಮ್ಮಾ" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಇಡೀ ಅಂಗಳ ನಕ್ಕಿತು. ಒಬ್ಬ ಆಳು ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿ, ಕೈ ಸುಟ್ಟವನಂತೆ ಝಾಡಿಸಿ ತೋರಿಸಿದ. ಬಾಗಿಲು ಇನ್ನಷ್ಟು ತೆರೆಯಿತು. ರೊಟ್ಟಿ ಅಕ್ಕ ಹೊರಗೆ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಭಾಳ ಉರೀಲಿಕತ್ತದೇನೋ?"

"ಭಾಳ ಉರೀಲಿಕತ್ತದ ಅಕ್ಕಾ. ತಪ್ಪಾತು."

ಆಕೆ ಒಳಗೆ ಹೋಗಿ ಒದ್ದೆ ಬಟ್ಟೆ ತಂದು ನನ್ನ ಕುತ್ತಿಗೆಗೆ ಹಾಕಿದಳು. ಕಪ್ಪಾದ ಆ ಕೈಗಳಿಂದಲೇ. ನಾನು ತೆಗೆಯಲಿಲ್ಲ. ನನ್ನ ಕುತ್ತಿಗೆಯ ಮೇಲೆ ಆ ಕೈ ಇದ್ದಷ್ಟು ಹೊತ್ತು ಸುತ್ತ ನಿಂತವರು ಅದನ್ನೇ ನೋಡುತ್ತಿದ್ದರು.

"ನಲವತ್ತೈದು ನಿಮಿಷ" ಎಂದು ಸಾಹೇಬರು ಗಡಿಯಾರ ಎತ್ತಿ ತೋರಿಸಿದಾಗ ಉರಿ ಇಳಿದಿತ್ತು. ಎದ್ದು ನಿಂತು ಎರಡು ಸುತ್ತು ನಡೆದು ತೋರಿಸಿದೆ. ಆಗ ಆಕೆ ಅತ್ತೆಯ ಗಡಿಗೆಯಿಂದ ಬೇಳೆ ಬಡಿಸಿಕೊಂಡು, ಎರಡು ರೊಟ್ಟಿ ತಿಂದು, ಕೈ ಚಾಚಿದಳು. ಒಂದೇ ಗುಳಿಗೆ ಕೊಟ್ಟೆ. ಸಾಹೇಬರು ಅಲ್ಲಿಂದ ಒಂದು ತಾಸು ಕದಲಲಿಲ್ಲ. ಆಕೆಯ ಕೆನ್ನೆ ತುಸು ಬೆಚ್ಚಗಾಯಿತು, ಅಷ್ಟೇ.

ದಿನಕ್ಕೆ ಮೂರು ಸಲ, ಉಂಡ ಮೇಲೊಂದು ಗುಳಿಗೆ. ಬಿಸಿಲಿಗೆ ಹೋಗುವಾಗ ಉದ್ದ ತೋಳಿನ ಕುಪ್ಪಸ. ಬಿರುಕಿಗೆ ಹಚ್ಚಲು ನಾನು ಬೋರಿಕ್ ಮುಲಾಮು ಕಲಸಿಕೊಟ್ಟೆ. ಖಾರ ಬಂದ್. ಹಾಲು ಇಬ್ಬರಿಗೂ, ಬೇಳೆ ಇಬ್ಬರಿಗೂ. ಮೊದಮೊದಲು ಸೊಸೆ ಹಾಲನ್ನು ಕದ್ದು ಅತ್ತೆಯ ಲೋಟಕ್ಕೆ ಸುರಿಯುತ್ತಿದ್ದಳಂತೆ. ಮುದುಕಿ ಅದನ್ನು ಹಿಡಿದು, "ನೀ ಕುಡೀದಿದ್ರ ನಾನೂ ಕುಡ್ಯಂಗಿಲ್ಲ" ಎಂದು ಎರಡು ಹೊತ್ತು ಉಪವಾಸ ಕುಳಿತ ಮೇಲೆ ಆ ಜಗಳ ಮುಗಿಯಿತು.

ಎರಡನೇ ದಿನಕ್ಕೆ ನಾಲಗೆಯ ಉರಿ ಕಡಿಮೆಯಾಯಿತು. ನಾಲ್ಕನೇ ದಿನಕ್ಕೆ ಭೇದಿ ನಿಂತಿತು. ಆರನೇ ದಿನ ನಾನು ಹೋದಾಗ ಮುದುಕಿ ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟು ಸುಮ್ಮನಿರು ಅಂದಳು. ರೊಟ್ಟಿ ಅಕ್ಕ ಹಾಡುಹಗಲಲ್ಲಿ ಗಾಢ ನಿದ್ದೆಯಲ್ಲಿದ್ದಳು, ಎಷ್ಟೋ ದಿನದ ನಿದ್ದೆ. ಕೈಯ ಚರ್ಮ ಮಾತ್ರ ತಡ ಮಾಡಿತು. ಅಂಚಿನಿಂದ ಕಪ್ಪು ಪೊರೆ ಸುಲಿಯುತ್ತ ಬಂತು, ಅಡಿಯಲ್ಲಿ ಎಳೆಯ, ತಿಳಿಗೆಂಪು ಚರ್ಮ. ಮೂರು ವಾರಕ್ಕೆ ಬೆರಳುಗಳವರೆಗೂ ಇಳಿಯಿತು. ಸಾಹೇಬರು ಹೇಳಿದಂತೆ ನಾನು ದಿನಾಲೂ ಅಳತೆ ಪಟ್ಟಿ ಹಿಡಿದು ಗೆರೆ ಎಲ್ಲಿಗೆ ಬಂತೆಂದು ಬರೆದಿಡುತ್ತಿದ್ದೆ. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಿಂದ ಇನ್ನೇನನ್ನೂ ಬರೆದಿಲ್ಲ.

ಸಾಹೇಬರು ಮುಕಾದಮನಿಗೆ ಚೀಟಿ ಬರೆದರು. ಚೀಟಿ ಹಿಡಿದು ರೊಟ್ಟಿ ಅಕ್ಕ ಬುಟ್ಟಿ ಹೊತ್ತು ಖಣಿಗೆ ಹೋದಳು. ಮುಕಾದಮ ಚೀಟಿಯನ್ನು ಓದಿ, ಮಡಚಿ, ಕಿಸೆಗೆ ಹಾಕಿಕೊಂಡ. ಬುಟ್ಟಿಯ ಕಡೆ ನೋಡಲಿಲ್ಲ. ಆಳುಗಳು ಮುಕಾದಮನನ್ನು ನೋಡಿದರು. ಯಾರೂ ಮುಂದೆ ಬರಲಿಲ್ಲ. ಆಕೆ ತುಂಬಿದ ಬುಟ್ಟಿಯನ್ನು ಹಾಗೇ ಹೊತ್ತು ದವಾಖಾನೆಗೆ ಬಂದು ನಮ್ಮ ಕಟ್ಟೆಯ ಮೇಲಿಟ್ಟಳು. ಅಳಲಿಲ್ಲ. "ನೀವರ ತಿನ್ರಿ" ಅಂದಳು.

ಸಾಹೇಬರು ಕೈಯಲ್ಲಿದ್ದ ಪೆನ್ನು ಮುಚ್ಚಿಟ್ಟರು. ತಲೆಗೆ ಟೋಪಿ ಹಾಕಿಕೊಂಡರು. "ನಡಿ ತಂಗಿ, ಖಣಿಗೇ ಹೋಗಿ ತಿಂತೀವಿ."

ಉರಿಬಿಸಿಲಲ್ಲಿ ಆ ಹಿರಿಯರು ಮುಂದೆ, ಬುಟ್ಟಿ ಹೊತ್ತ ಆಕೆ ನಡುವೆ, ನಾನು ಹಿಂದೆ. ಖಣಿಯ ಅಂಚಿನಲ್ಲಿ, ಆಗತಾನೇ ಎಬ್ಬಿಸಿ ಒಟ್ಟಿದ್ದ ಫರ್ಸಿಗಳ ಮೇಲೆ ಸಾಹೇಬರು ಕರವಸ್ತ್ರ ಹಾಸಿ ಕುಳಿತರು. "ಬಡಸು" ಅಂದರು. ರೊಟ್ಟಿ ಅಕ್ಕ ತನ್ನ ಕೈಯಾರೆ ರೊಟ್ಟಿ ತೆಗೆದು, ಅದರ ಮೇಲೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಾಕಿ ಅವರ ಅಂಗೈಗೆ ಕೊಟ್ಟಳು. ಸಾಹೇಬರು ತುಂಡು ಮುರಿದು, ನಿಧಾನಕ್ಕೆ ಅಗಿದು ತಿಂದರು. ನಾನೂ ತಿಂದೆ. ಅವರು ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ಆಗ ಕೆಳಗಿನಿಂದ ಒಬ್ಬ ವಯಸ್ಸಾದ ಕಲ್ಲುಕುಟಿಗ ಸುತ್ತಿಗೆ ಇಟ್ಟು ಮೇಲೆ ಬಂದ. "ಅಕ್ಕಾ, ನಂಗ ಮೂರು. ತಿಂಗಳಿಂದ ಮನಿ ಗಟ್ಟಿ ರೊಟ್ಟಿ ತಿಂದು ಹಲ್ಲು ನೊಯ್ಲಿಕತ್ತಾವ" ಅಂದ. ಅವನ ಹಿಂದೆ ಉಳಿದವರು ಬಂದರು. ಬುಟ್ಟಿಯಲ್ಲಿ ಒಂದೇ ಒಂದು ಉಳಿದಾಗ ಮುಕಾದಮ ಬಂದು ನಿಂತ. ಆಕೆ ಒಂದು ಕ್ಷಣ ಅವನ ಮುಖ ನೋಡಿ, ಅದನ್ನು ಕೊಟ್ಟಳು. ಆತ ತಲೆ ತಗ್ಗಿಸಿಕೊಂಡೇ ತಿಂದ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಸೋಮವಾರ ದವಾಖಾನೆಯ ಮುಂದೆ ಜಾತ್ರೆಯಂಥ ಸಾಲು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ, ಮೈ ಕೆಂಪಗೆ ಮಾಡುವ ಗುಳಿಗೆ. ಅದು ರಕ್ತ ಹೆಚ್ಚಿಸುತ್ತದೆ, ಕಂಪೌಂಡರನ ಮುಖಕ್ಕೆ ರಕ್ತ ಉಕ್ಕಿ ಬಂದದ್ದನ್ನು ಕಣ್ಣಾರೆ ನೋಡಿದ್ದೇವೆ ಎಂದು ಊರೆಲ್ಲ ಮಾತು. ಸಾಲಿನ ಮುಂದೆ ಮುಕಾದಮ.

ಒಂದು ತಿಂಗಳ ಹಿಂದಿನ ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಅಂದು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. "ಮುಕಾದಮ್ರ, ಮೊದಲ ನಾಲಗಿ ತಗೀರಿ" ಅಂದೆ.

ನಾಲಗೆ ಚೆನ್ನಾಗಿತ್ತು. ಕೈ, ಕುತ್ತಿಗೆ ಚೆನ್ನಾಗಿತ್ತು. ಊಟ ಕೇಳಿದೆ. ದಿನಾ ಮೊಸರು, ಬೇಳೆ, ಪುಂಡಿಪಲ್ಯ, ಸಂತೆಯ ದಿನ ಮಾಂಸ.

"ನಿಮಗ ಬ್ಯಾಡ್ರಿ ಇದು."

"ಅಲ್ಲ ಕಂಪೌಂಡರ ಸಾಬ್, ವರ್ಷದಿಂದ ಹಳದಿ ಸೂಜಿ ತಗೋಳಿಕತ್ತೀನಿ. ನೀವೇ ಹಾಕೀರಿ."

"ಹಾಕೀನಿ. ಅದು ನನ್ನ ತಪ್ಪು. ಸೂಜಿ ತಗೊಂಡ ದಿನ ಮೂತ್ರ ಯಾವ ಬಣ್ಣ ಇರ್ತದ್ರಿ?"

ಆತ ಸ್ವಲ್ಪ ಯೋಚಿಸಿ, ದನಿ ಇಳಿಸಿ, "ಹಳದಿ... ಭಾಳ ಹಳದಿ" ಅಂದ.

ಒಳಗಿನಿಂದ ಸಾಹೇಬರ ಧ್ವನಿ ಬಂತು. "ಆ ಬಣ್ಣ ಬಿ ಎರಡಂದು. ಮೈಗಿ ಬೇಕಾದಷ್ಟು ಇಟ್ಕೊಂಡು ಹೆಚ್ಚಿಂದು ಮೈ ಹೊರಗ ಹಾಕ್ತದ ಮುಕಾದಮ್. ಒಂದು ವರ್ಷದಿಂದ ನೀವು ಸರ್ಕಾರದ ವಿಟಮಿನ್ ಬೇಲಿ ಗಿಡಕ್ಕ ಹಾಕ್ಲಿಕತ್ತೀರಿ."

ಸಾಲು ಬಿದ್ದು ಬಿದ್ದು ನಕ್ಕಿತು. ಮುಕಾದಮನ ಮುಖ ಗುಳಿಗೆ ಇಲ್ಲದೆಯೇ ಕೆಂಪಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. "ಅದಕ್ಕ ಬೇಲಿ ಇಷ್ಟು ಜೋರಾಗಿ ಬೆಳದದ" ಎಂದು ಹೋದ. ಹಾಗೆ ಒಂದು ನಗೆಯಲ್ಲಿ ಹಳದಿ ಸೂಜಿಯ ಆಟ ಮುಗಿಯಿತು. ಸಿಟ್ಟಾದವರೂ ಇದ್ದರು. ಕೆಲವರು ಶಹಾಬಾದಿನ ಖಾಸಗಿ ಡಾಕ್ಟರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಅದನ್ನು ತಡೆಯುವುದು ನಮ್ಮ ಕೈಯಲ್ಲಿ ಇರಲಿಲ್ಲ.

ಆದರೆ ಆ ಸಾಲಿನಿಂದ ಒಂದು ಒಳ್ಳೆಯದಾಯಿತು. ಪ್ರತಿಯೊಬ್ಬರ ನಾಲಗೆ, ಕೈ ನೋಡುತ್ತ, ಊಟ ಕೇಳುತ್ತ ಹೋದಾಗ, ಉದ್ದ ತೋಳಿನ ಅಡಿಯಲ್ಲಿ, ಸೆರಗಿನ ಅಡಿಯಲ್ಲಿ ಅಡಗಿದ್ದ ಕೈಗಳು ಹೊರಬಂದವು. ಕಲ್ಲು ಹೊರುವ ಹೆಂಗಸರು ಕೆಲವರು, ಅದೇ ಗೆರೆ, ಅದೇ ಕೆಂಪು ನಾಲಗೆ. ದೊಡ್ಡ ರೋಗ ಅಂದಾರೆಂದು ಹೆದರಿ ಮುಚ್ಚಿಕೊಂಡಿದ್ದರು. ಅವರಿಗೆ ಗುಳಿಗೆ ಕೊಟ್ಟೆವು. ಬಿಳುಚಿಕೊಂಡಿದ್ದ ಒಬ್ಬ ಬಸುರಿಗೆ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ ಕೊಟ್ಟೆವು. ಉಳಿದ ಎಲ್ಲರಿಗೂ ಸಾಹೇಬರದು ಒಂದೇ ಮಾತು: "ನಿಮ್ಮ ಗುಳಗಿ ನಿಮ್ಮ ಗಂಗಾಳದಾಗ ಅದ. ತೊಗರಿ ಬ್ಯಾಳಿ, ಶೇಂಗಾ, ಸೊಪ್ಪು, ಹಾಲು. ಜೋಳ ಬಿಡಬ್ಯಾಡ್ರಿ, ಜೋಳದ ಜೋಡಿ ಇವನ್ನ ತಿನ್ರಿ."

ರೊಟ್ಟಿ ಅಕ್ಕ ಅಂದಿನಿಂದ ಬುಟ್ಟಿಯ ಜೊತೆ ಒಂದು ಬೇಳೆಯ ಗಡಿಗೆಯನ್ನೂ ಹೊತ್ತು ಹೋಗತೊಡಗಿದಳು. ಬರೀ ರೊಟ್ಟಿ ಯಾರಿಗೂ ಕೊಡುತ್ತಿರಲಿಲ್ಲ. ಬೇಳೆ ಬೇಡವೆಂದವನಿಗೆ ರೊಟ್ಟಿಯೂ ಇಲ್ಲ. ತಾನೂ ಅವರ ಸಾಲಿನಲ್ಲೇ ಕುಳಿತು ಉಣ್ಣುತ್ತಿದ್ದಳು.

ಮಳೆ ಶುರುವಾಗುವ ಹೊತ್ತಿಗೆ ಸಾಹೇಬರು "ಇನ್ನ ಗುಳಗಿ ಸಾಕು ತಂಗಿ" ಅಂದರು. ಆಕೆ ಒಪ್ಪಲಿಲ್ಲ.

"ಬಿಟ್ರ ಮತ್ತ ಬಂದ್ರ ಏನು ಮಾಡ್ಲಿ? ದಿನಾ ಒಂದರ ತಗೋತೀನ್ರಿ. ಜೀವಕ್ಕ ಧೈರ್ಯ ಇರ್ತದ."

"ಧೈರ್ಯಕ್ಕಂತ ಔಷಧ ತಗೋಬಾರದು. ಕೊರತಿ ತುಂಬ್ಯದ. ಈಗ ನಿನ್ನ ಊಟಾನೇ ಕೆಲಸ ಮಾಡ್ತದ. ನಂಬು."

ನಂಬಿಸಿದ್ದು ಸುಲಭವಾಗಿರಲಿಲ್ಲ. ಒಳಗೊಳಗೇ ನನಗೂ ಭಯವಿತ್ತು. ಮುಂದಿನ ಬೇಸಗೆಯೇ ಹೇಳಬೇಕು.

ಆ ಬೇಸಗೆ ಬಂತು. ಹೋಳಿ ಕಳೆಯಿತು, ಖಣಿಯ ಕಲ್ಲು ಕಾಯತೊಡಗಿತು. ದಿನವೂ ಬಾಗಿಲ ಕಡೆ ಕಣ್ಣು. ಯುಗಾದಿ ಮುಗಿದ ವಾರದಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಅಕ್ಕ ದವಾಖಾನೆಯ ಮೆಟ್ಟಿಲು ಹತ್ತಿ ಬಂದಳು. ನಾನು ಎಣಿಸುತ್ತಿದ್ದ ಗುಳಿಗೆ ಬಿಟ್ಟು ಎದ್ದೆ. ಆದರೆ ಆಕೆಯ ಕೈಗಳು ಸೆರಗಿನೊಳಗಿರಲಿಲ್ಲ. ಒಂದು ಕೈ ಹಿಟ್ಟಾಗಿತ್ತು, ಇನ್ನೊಂದು ಕೈ ಸಣ್ಣ ವಯಸ್ಸಿನ ಒಬ್ಬ ಹೆಣ್ಣುಮಗಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಆ ಹುಡುಗಿ ತಲೆ ಎತ್ತುತ್ತಿರಲಿಲ್ಲ.

"ಕುರಕುಂಟಾ ಊರಿನಾಕಿ. ಗಂಡನ ಮನ್ಯಾಗ ಹೊರಗ ಹಾಕ್ಯಾರ" ಎಂದು ರೊಟ್ಟಿ ಅಕ್ಕ ಆಕೆಯನ್ನು ಕಿಟಕಿಯ ಪಕ್ಕ, ಬೆಳಕಿಗೆ ಕೂಡಿಸಿದಳು. "ಹತ್ತಿ ಬತ್ತಿ ಮಾಡಿ ಮುಟ್ಟಿಸಿ ನೋಡೀನಿ, ಎಲ್ಲಾ ಗೊತ್ತಾಗ್ತದಂತಾಳ. ನಾಲಗಿ ಕೆಂಪದ. ಬರೀ ರೊಟ್ಟಿ ಖಾರ ತಿಂದಾಳ, ನಾ ಕೇಳೀನಿ. ದೊಡ್ಡ ರೋಗ ಅಲ್ಲ, ತಮ್ಮಾ. ಗುಳಗಿ ತಗಿ."

ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈ ಎತ್ತಿ ನನ್ನನ್ನು ತಡೆದಳು.

"ಹೆದರಬ್ಯಾಡ. ಹೊಟ್ಟಿ ತುಂಬ ಉಣಿಸೇ ಕರಕೊಂಡು ಬಂದೀನಿ."